ಪಿಕಪ್‌ಗೆ ಫಾಗ್ ಲ್ಯಾಂಪ್ ಹಾಕುವಾಗ: ರಿಲೇ ಯಾಕೆ, ಅರ್ತ್ ಎಲ್ಲಿ

ಮೊದಲು ನಾನೇ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕೆಲಸ ಕಲಿಯುತ್ತಿದ್ದಾಗ ಒಂದು ಬೊಲೆರೊ ಪಿಕಪ್ ಬಂತು. ಘಾಟಿ ಹತ್ತಿ ಇಳಿಯುವ ಗಾಡಿ, ಮಳೆಗಾಲದ ಮಂಜಿಗೆ ಅಂತ ಬಂಪರ್ ಹತ್ತಿರ ಎರಡು ಫಾಗ್ ಲ್ಯಾಂಪ್ ಬೇಕಿತ್ತು. ನಾನು ಪಾರ್ಕಿಂಗ್ ಲೈಟಿನ ವೈರ್ ಸುಲಿದು, ಅಲ್ಲಿಂದಲೇ ಒಂದು ಎಳೆ ಎಳೆದು, ಮಧ್ಯೆ ಒಂದು ಸ್ವಿಚ್ ಇಟ್ಟು, ಟೇಪ್ ಸುತ್ತಿ ಮುಗಿಸಿದೆ. ಲೈಟ್ ಉರಿಯಿತು ಕೂಡ. ಅದೇ ರಾತ್ರಿ ಫ್ಯೂಸ್ ಹೋಗಿ, ಫಾಗ್ ಲ್ಯಾಂಪ್ ಜೊತೆ ಹಿಂದಿನ ಟೇಲ್ ಲೈಟೂ ಆರಿತು. ಮಂಜಿನಲ್ಲಿ ಹಿಂದೆ ಬರುವವನಿಗೆ ಕಾಣಬೇಕಾದ ಲೈಟೇ ಅದು, ಅಲ್ವಾ?

ಲೆಕ್ಕ ಹಾಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. 55 ವ್ಯಾಟ್ ಬಲ್ಬ್, 12 ವೋಲ್ಟ್: ಭಾಗಿಸಿದರೆ ಸುಮಾರು 4.6 ಆಂಪಿಯರ್. ಎರಡಕ್ಕೆ 9.2. ಇಂಜಿನ್ ಓಡುವಾಗ ವೋಲ್ಟೇಜ್ 14ರ ಹತ್ತಿರ ಇರುತ್ತದೆ, ಆದ್ದರಿಂದ 10 ಅಂತಲೇ ಹಿಡಿಯಿರಿ. ಪಾರ್ಕಿಂಗ್ ಲೈಟಿನ ಬಲ್ಬ್ ಎಷ್ಟು? ಬರೀ 5 ವ್ಯಾಟ್. ಅದಕ್ಕೆ ಅಂತ ಮಾಡಿದ ತೆಳು ವೈರಿಗೆ ಇಷ್ಟು ಹೊರೆ ಹಾಕಿದರೆ ಏನಾಗಬೇಕೋ ಅದೇ ಆಯಿತು.

ಇಲ್ಲಿ ರಿಲೇ ಬರುತ್ತದೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ವಿದ್ಯುತ್ ಸ್ವಿಚ್. ಸ್ವಿಚ್ ಬರೀ ಆರ್ಡರ್ ಕೊಡಬೇಕು, ಭಾರ ಹೊರುವ ಕೆಲಸ ರಿಲೇದು. ರಿಲೇಯ ಕಾಯಿಲ್‌ಗೆ (ಒಳಗಿನ ಸ್ವಿಚ್ ಎಳೆಯುವ ವೈರಿನ ಸುರುಳಿ) 0.15 ಆಂಪಿಯರ್ ಆಸುಪಾಸು ಸಾಕು, ಅಷ್ಟನ್ನು ಪಾರ್ಕಿಂಗ್ ವೈರಿನಿಂದ ಸ್ವಿಚ್ ಮೂಲಕ ತಗೊಂಡರೆ ಯಾರಿಗೂ ತೊಂದರೆ ಇಲ್ಲ, ಮೇಲಾಗಿ ಪಾರ್ಕಿಂಗ್ ಲೈಟ್ ಆಫ್ ಮಾಡಿದರೆ ಫಾಗ್ ಲ್ಯಾಂಪೂ ಆಫ್ ಆಗುವುದರಿಂದ ಮರೆತು ಹೋಗಿ ಬೆಳಿಗ್ಗೆ ಬ್ಯಾಟರಿ ಡೌನ್ ಆಗುವ ಕಾಟವೂ ತಪ್ಪುತ್ತದೆ. ಲ್ಯಾಂಪಿಗೆ ಬೇಕಾದ 10 ಆಂಪಿಯರ್ ನೇರ ಬ್ಯಾಟರಿಯಿಂದ.

ಪಿನ್ ನಂಬರ್ ಬಾಯಿಪಾಠ ಮಾಡಿಕೊಳ್ಳಿ. 30 ಬ್ಯಾಟರಿಯಿಂದ, 87 ಲ್ಯಾಂಪಿಗೆ, 86 ಸ್ವಿಚ್ಚಿನಿಂದ, 85 ಅರ್ತ್‌ಗೆ, ಅಂದರೆ ಬ್ಯಾಟರಿ ನೆಗೆಟಿವ್‌ಗೆ ಸೇರಿದ ಗಾಡಿಯ ಲೋಹದ ಮೈಗೆ. (ಈ ವಿಚಿತ್ರ ನಂಬರುಗಳು ಜರ್ಮನಿಯ ಡಿಐಎನ್ 72552 ಅನ್ನುವ ಸ್ಟ್ಯಾಂಡರ್ಡ್‌ನಿಂದ ಬಂದವು.) ಐದು ಪಿನ್ನಿನ ರಿಲೇ ಸಿಕ್ಕರೆ ನಡುವಿನ 87ಎ ಮುಟ್ಟಬೇಡಿ. ರಿಲೇ ಆಫ್ ಇದ್ದಾಗ 30ಕ್ಕೆ ಸೇರಿಕೊಂಡಿರುವುದು ಅದು, ಅಲ್ಲಿಗೆ ಲ್ಯಾಂಪ್ ಕೊಟ್ಟರೆ ಸ್ವಿಚ್ ಹಾಕಿದಾಗ ಲೈಟ್ ಆರುತ್ತದೆ! ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಆದರೆ 85, 86 ಅದಲುಬದಲು ಮಾಡುವ ಹಾಗಿಲ್ಲ. ರಿಲೇ ಮೇಲೆಯೇ ಚಿತ್ರ ಇರುತ್ತದೆ, ಒಮ್ಮೆ ನೋಡಿ.

ಫ್ಯೂಸ್ 15 ಆಂಪಿಯರ್, ಬ್ಲೇಡ್ ಟೈಪಿನಲ್ಲಿ ನೀಲಿ ಬಣ್ಣದ್ದು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಅದು ಕೂರಬೇಕು. ಫ್ಯೂಸ್ ಇರುವುದು ಲ್ಯಾಂಪ್ ಉಳಿಸಲಿಕ್ಕಲ್ಲ, ವೈರ್ ಉಳಿಸಲಿಕ್ಕೆ. ಲ್ಯಾಂಪಿನ ಹತ್ತಿರ ಇಟ್ಟರೆ, ನಡುವೆ ವೈರ್ ಎಲ್ಲಾದರೂ ಉಜ್ಜಿ ಗಾಡಿಯ ಲೋಹಕ್ಕೆ ತಾಗಿದಾಗ ಅದನ್ನು ತಡೆಯಲು ಯಾರೂ ಇಲ್ಲ.

ಈಗ ವೈರ್ ದಪ್ಪ. ಜಾಸ್ತಿ ಜನ ಇಲ್ಲೇ ಸುಮ್ನೆ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. 1 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಮೀಟರಿಗೆ 0.0175 ಓಮ್ ರೆಸಿಸ್ಟೆನ್ಸ್. 4 ಮೀಟರ್ ಎಳೆದರೆ 0.07 ಓಮ್. 10 ಆಂಪಿಯರ್ ಹರಿದರೆ 0.7 ವೋಲ್ಟ್ ದಾರಿಯಲ್ಲೇ ಖರ್ಚು. ಅದಕ್ಕೆ ಸಡಿಲ ಜಾಯಿಂಟು ಸೇರಿದರೆ ಒಂದು ವೋಲ್ಟ್ ದಾಟುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ 10 ಶೇಕಡಾ ಕಡಿಮೆಯಾದರೆ ಬೆಳಕು 30 ಶೇಕಡಾದಷ್ಟು ಇಳಿಯುತ್ತದೆ. ಅದೇ 2.5ರ ವೈರ್ ಹಾಕಿದರೆ 0.28 ವೋಲ್ಟ್ ಮಾತ್ರ ಹೋಗುತ್ತದೆ. ಮನೆ ವೈರಿಂಗಿನ ಒಂಟಿ ಕಂಬಿಯ ವೈರ್ ಬೇಡ, ಗಾಡಿಯ ನಡುಕಕ್ಕೆ ಮುರಿಯುತ್ತದೆ.

ಅರ್ತ್ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು. ಬಂಪರಿನ ಪೇಂಟ್ ಮೇಲೆ ಬೋಲ್ಟ್ ಬಿಗಿದರೆ ಅದು ಅರ್ತ್ ಅಲ್ಲ. ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ವೈರಿನ ತುದಿಗೆ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಒತ್ತಿ ಕ್ರಿಂಪ್ ಮಾಡಿ ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಆಮೇಲೆ ಮಲ್ಟಿಮೀಟರಿನ ಬೀಪ್ (ವೈರ್ ಸೇರಿದೆ ಅಂತ ಹೇಳುವ ಸದ್ದು) ನಂಬಬೇಡಿ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಲೈಟ್ ಉರಿಸಿಯೇ ನೋಡಬೇಕು: ವೋಲ್ಟ್ ರೇಂಜಿನಲ್ಲಿ ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲ್ಯಾಂಪಿನ ಅರ್ತ್ ಪಿನ್ನಿಗೆ. 0.1, 0.2 ಬಂದರೆ ಸರಿ. ಅರ್ಧ ವೋಲ್ಟ್ ಬಂದರೆ ಬೋಲ್ಟ್ ಬಿಚ್ಚಿ ಮತ್ತೆ ಕೆರೆಯಿರಿ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವ ಗಾಡಿ ನೋಡಿದ್ದೀರಾ? ಹೆಚ್ಚಾಗಿ ಅದೂ ಟೇಲ್ ಲ್ಯಾಂಪಿನ ಅರ್ತ್ ಕೆಟ್ಟ ರೋಗವೇ. ಕರೆಂಟ್ ನೇರ ದಾರಿ ಇಲ್ಲದೆ ಪಕ್ಕದ ಬಲ್ಬಿನ ಮೂಲಕ ವಾಪಸ್ ಹೋಗುತ್ತದೆ.

ಕ್ಯಾಬಿನ್ ಮೇಲೆ ದೊಡ್ಡ ಲೈಟ್ ಹಾಕಿ ಅಂತ ಓನರ್ ಕೇಳಿದರೆ ಮೊದಲೇ ಹೇಳಿಬಿಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವಂತಿಲ್ಲ, ವಿಶೇಷ ಕಾರಣ ಇದ್ದರೂ ಮುಂಚೆಯೇ ಆರ್‌ಟಿಒ ಒಪ್ಪಿಗೆ ಬೇಕು. ಮಂಜಿಗೆ ಅದು ಉಪಯೋಗವೂ ಇಲ್ಲ. ಎತ್ತರದ ಲೈಟ್ ಮಂಜಿಗೆ ಬಡಿದು ಡ್ರೈವರ್ ಕಣ್ಣಿಗೇ ವಾಪಸ್ ಬರುತ್ತದೆ.

ಎಲ್ಲ ಮುಗಿದ ಮೇಲೆ ಹತ್ತು ನಿಮಿಷ ಲೈಟ್ ಉರಿಯಲು ಬಿಟ್ಟು, ಫ್ಯೂಸ್ ಹೋಲ್ಡರ್, ರಿಲೇ ಬೇಸ್, ಅರ್ತ್ ಬೋಲ್ಟ್ ಮೂರನ್ನೂ ಕೈಯಿಂದ ಮುಟ್ಟಿ ನೋಡಿ. ರಿಲೇ ಬೆಚ್ಚಗಿದ್ದರೆ ಪರವಾಗಿಲ್ಲ, ಅದು ಕಾಯಿಲ್‌ನ ಶಾಖ. 30 ಅಥವಾ 87ರ ಹತ್ತಿರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಕ್ರಿಂಪ್ ಸಡಿಲ ಇದೆ, ಗಾಡಿ ಕಳಿಸಬೇಡಿ.