ಪಕ್ಕೆಲುಬಿನಿಂದ ಹಾರುವ ಓತಿ

ಹಕ್ಕಿಗೆ ತೋಳೇ ರೆಕ್ಕೆ. ಬಾವಲಿಯ ರೆಕ್ಕೆ ನಿಂತಿರುವುದು ಅದರ ಉದ್ದುದ್ದ ಬೆರಳುಗಳ ಮೇಲೆ. ಮಲೆನಾಡಿನ ಹಾರುಬೆಕ್ಕು, ಅಂದರೆ ಹಾರುವ ಅಳಿಲು, ಮುಂಗಾಲಿಗೂ ಹಿಂಗಾಲಿಗೂ ನಡುವಿನ ಚರ್ಮ ಬಿಚ್ಚಿ ತೇಲುತ್ತದೆ. ಆದರೆ ಅದೇ ಕಾಡಿನ ಹಾರುವ ಓತಿ ಹಾರುವುದು ಪಕ್ಕೆಲುಬಿನಿಂದ! ಎಷ್ಟು ಸಲ ಯೋಚಿಸಿದರೂ ನನಗೆ ಇದರ ಸೋಜಿಗ ಕಡಿಮೆಯಾಗಿಲ್ಲ.

ಬಾಲವೂ ಸೇರಿ ಹೆಚ್ಚುಕಮ್ಮಿ ಗೇಣುದ್ದದ ಪ್ರಾಣಿ. ಪಶ್ಚಿಮ ಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಇದರ ವಾಸ. ಮರದ ಮೇಲೆ ಹರಿದಾಡುವ ಇರುವೆಗಳೇ ಮುಖ್ಯ ಊಟ. ಇದರ ಐದರಿಂದ ಏಳು ಜೋಡಿ ಪಕ್ಕೆಲುಬುಗಳು ಎದೆಯನ್ನು ಸುತ್ತುವರಿಯುವ ಬದಲು ಹೊರಕ್ಕೆ ಚಾಚಿ ಬೆಳೆದಿವೆ, ಅವುಗಳ ನಡುವೆ ತೆಳ್ಳನೆಯ ಚರ್ಮ ಇದೆ. ಕೂತಾಗ ಇವು ಕೊಡೆಯ ಕಡ್ಡಿಗಳ ಹಾಗೆ ಮಡಚಿಕೊಂಡು ಮೈಗೆ ಅಂಟಿರುತ್ತವೆ. ಬೇರೆ ಹಲ್ಲಿಗಳಲ್ಲಿ ಉಸಿರಾಟಕ್ಕೆ ದುಡಿಯುವ ಸ್ನಾಯುಗಳೇ ಇಲ್ಲಿ ಪಕ್ಕೆಲುಬನ್ನು ಬಿಚ್ಚುವ ಕೆಲಸವನ್ನೂ ಮಾಡುತ್ತವೆ. ಹೊಸ ಅಂಗ ಬೇಕಾಗಲೇ ಇಲ್ಲ, ಇದ್ದದ್ದೇ ಸಾಕಾಯಿತು.

ಹಾಗಾದರೆ ಹಾರುವಾಗ ಕೈಗಳು ಏನು ಮಾಡುತ್ತವೆ? ಸುಮ್ನೆ ಮುಂದಕ್ಕೆ ಚಾಚಿಕೊಂಡಿರುತ್ತವೆ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಜರ್ಮನಿಯ ಜೀವವಿಜ್ಞಾನಿ ಮ್ಯಾಕ್ಸಿಮಿಲಿಯನ್ ಡೆಹ್ಲಿಂಗ್ ನಮ್ಮ ಆಗುಂಬೆಯ ಹತ್ತಿರ ಪಾಳುಬಿದ್ದ ಒಂದು ಅಡಿಕೆ ತೋಟದಲ್ಲಿ ಈ ಓತಿಗಳನ್ನು ಗಮನಿಸಿ, ಫೋಟೊ ತೆಗೆದು, 2017ರಲ್ಲಿ ಬೇರೆಯದೇ ಸಂಗತಿ ಪ್ರಕಟಿಸಿದರು. ಓತಿ ಮರದಿಂದ ಜಿಗಿಯುತ್ತದೆ, ಬೀಳುತ್ತಲೇ ಹೊಟ್ಟೆ ಕೆಳಗಾಗುವಂತೆ ಹೊರಳುತ್ತದೆ, ಎರಡೂ ಕೈ ಹಿಂದಕ್ಕೆ ತಂದು ಬಿಚ್ಚಿಕೊಳ್ಳುತ್ತಿರುವ ಚರ್ಮದ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಇಳಿಯುವ ಸ್ವಲ್ಪ ಮುಂಚೆ ಮಾತ್ರ ಬಿಡುತ್ತದೆ. ಅಂದರೆ ತನ್ನ ರೆಕ್ಕೆಯನ್ನು ತಾನೇ ಕೈಯಲ್ಲಿ ಹಿಡಿದು ಹಾರುವ ಪ್ರಾಣಿ ಇದು! ಅದಕ್ಕೆ ತಕ್ಕಂತೆ ಮಣಿಕಟ್ಟು ಕೂಡ ಹೊರಳುತ್ತದೆ. ಬಾಟಲಿಯಲ್ಲಿಟ್ಟ ಸತ್ತ ಓತಿಯನ್ನಷ್ಟೇ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ. ಜೀವಂತ ಓತಿಗಳಿರುವ ತೋಟದಲ್ಲಿ ತಾಳ್ಮೆಯಿಂದ ಕಾಯಬೇಕಿತ್ತು.

ಕೂತಿರುವಾಗ ಓತಿಯನ್ನು ಬಣ್ಣ ಕಾಯುತ್ತದೆ. ಕಲ್ಲುಹೂವಿನ ಬಿಳಿ ಕಲೆಗಳಿರುವ ಕಾಂಡದ ಮೇಲೆ ಅದರ ಬೂದುಕಂದು ಮೈ ಕಾಣುವುದೇ ಇಲ್ಲ. ಆದರೆ ಗಾಳಿಯಲ್ಲಿ ತೇಲುವಾಗ ಹಕ್ಕಿಗಳ ಕಣ್ಣಿಗೆ ಬೀಳಬೇಕು, ಅಲ್ವಾ? ಇದಕ್ಕೆ ಬೋರ್ನಿಯೊದ ಹಾರುವ ಓತಿಗಳಲ್ಲಿ ಒಂದು ಚಂದದ ಉತ್ತರ ಸಿಕ್ಕಿದೆ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಓತಿಗಳ ರೆಕ್ಕೆ ಕೆಂಪು, ಅಲ್ಲಿ ಉದುರುವ ಎಲೆಗಳೂ ಕೆಂಪು. ಅದೇ ಜಾತಿಯ ಓತಿಗಳು ತಗ್ಗಿನ ಮಳೆಕಾಡಿನಲ್ಲಿದ್ದರೆ ರೆಕ್ಕೆಗೆ ಅಲ್ಲಿ ಉದುರುವ ಎಲೆಗಳ ಕಂದು, ಹಸಿರು ಬಣ್ಣ. ಮರದಲ್ಲಿರುವ ಎಲೆಯ ಬಣ್ಣ ಅಲ್ಲ, ಬೀಳುವ ಎಲೆಯ ಬಣ್ಣ! ಉದುರುವ ಎಲೆಯ ಹಿಂದೆ ಯಾವ ಹಕ್ಕಿ ತಾನೇ ಹೋಗುತ್ತದೆ?

ಇಷ್ಟೆಲ್ಲ ಇದ್ದರೂ ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿಯಲೇಬೇಕು. ಮೂತಿಯಿಂದ ಮಣ್ಣು ತೋಡಿ, ಮೊಟ್ಟೆ ಇಟ್ಟು, ಮುಚ್ಚುತ್ತದೆ. ಅದರ ಬದುಕಿನಲ್ಲಿ ಅಪಾಯ ಜಾಸ್ತಿ ಇರುವುದು ಆಗಲೇ.

ಘಟ್ಟದ ಕಡೆ ತೋಟ ಇರುವವರು ಒಮ್ಮೆ ಹುಡುಕಿ ನೋಡಿ. ಓತಿಯ ಮೈ ಹುಡುಕಬೇಡಿ, ಅದು ಕಾಣುವುದಿಲ್ಲ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಆಗಾಗ ಹೊರಚಾಚಿ ಎಳೆದುಕೊಳ್ಳುತ್ತದೆ, ಮೊದಲು ಕಣ್ಣಿಗೆ ಬೀಳುವುದು ಅದೇ.