ಪೈಲಟ್ ಮಾತಿನ ನಡುವೆ ಶಿಳ್ಳೆ ಏಕೆ ಬರುತ್ತದೆ?

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾದಾಟ ನಡೆದಾಗ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ನಿದ್ದೆಯೇ ಇರಲಿಲ್ಲ. ದಿನಾ ಬೆಳಗ್ಗೆ ಹೂವಿನ ಚಿತ್ರ ಹಾಕುತ್ತಿದ್ದವರೆಲ್ಲ ರಾತ್ರೋರಾತ್ರಿ ರಕ್ಷಣಾ ತಜ್ಞರಾಗಿಬಿಟ್ಟಿದ್ದರು. ಆಗ ಬಂತು ಒಂದು ಆಡಿಯೊ. ನಮ್ಮ ಪೈಲಟ್ ಶತ್ರು ವಿಮಾನ ಹೊಡೆದ ಕ್ಷಣದ ರೇಡಿಯೊ ಮಾತುಕತೆಯಂತೆ. ಮೈಸೂರಿನ ಹುಡುಗನೊಬ್ಬ ಸಾವಿರದೈನೂರು ರೂಪಾಯಿಯ ಯುಎಸ್‌ಬಿ ರಿಸೀವರ್ ಹಾಕಿ ಮನೆಯಲ್ಲೇ ಹಿಡಿದದ್ದಂತೆ. ಪೈಲಟ್ ಮಾತು ಸ್ಪಷ್ಟ, ಕಂಟ್ರೋಲ್ ರೂಮಿನ ಉತ್ತರ ಇನ್ನೂ ಸ್ಪಷ್ಟ. ಪ್ರತಿ ಮಾತು ಮುಗಿದಾಗಲೂ ಒಂದು ಮುದ್ದಾದ ಬೀಪ್.

ಆ ಬೀಪ್ ಕೇಳಿದ ಕೂಡಲೇ ನನಗೆ ನಗು ತಡೆಯಲಾಗಲಿಲ್ಲ. ಅದು ಯುದ್ಧವಿಮಾನದ್ದಲ್ಲ, ಚಂದ್ರನಿಗೆ ಹೋದವರದ್ದು! ಅಪೊಲೊ ಕಾಲದಲ್ಲಿ ನಾಸಾದವರು ಹ್ಯೂಸ್ಟನ್‌ನಲ್ಲಿ ಕೂತು ಮಾತಾಡಿದರೆ, ದೂರದೂರದ ದೇಶಗಳಲ್ಲಿದ್ದ ಟ್ರಾನ್ಸ್‌ಮಿಟರ್‌ಗಳು ಅದನ್ನು ಆಕಾಶಕ್ಕೆ ಕಳಿಸಬೇಕಿತ್ತು. ಅವನ್ನು ಫೋನ್ ಲೈನಿನ ಮೂಲಕವೇ ಆನ್ ಮಾಡಲು 2525 ಹರ್ಟ್ಸ್‌ನ ಬೀಪ್, ಆಫ್ ಮಾಡಲು 2475 ಹರ್ಟ್ಸ್‌ನ ಬೀಪ್. ಇವುಗಳ ಹೆಸರು ಕ್ವಿಂಡಾರ್ ಟೋನ್. ಅಲ್ಲಿಂದ ಅದು ಸಿನಿಮಾಕ್ಕೆ ಹೋಯಿತು, ವಿಡಿಯೊ ಗೇಮಿಗೆ ಹೋಯಿತು, ಕೊನೆಗೆ ನಮ್ಮ ಬಡಾವಣೆಗೂ ಬಂತು. ವಿಮಾನದ ರೇಡಿಯೊದಲ್ಲಿ ಪೈಲಟ್ ಬಟನ್ ಒತ್ತುತ್ತಾನೆ, ಮಾತಾಡುತ್ತಾನೆ, ಬಿಡುತ್ತಾನೆ. ಬಿಟ್ಟಾಗ ಕರ್ ಅನ್ನುವ ಒಂದು ಸದ್ದು, ಅಷ್ಟೇ.

ಬೀಪ್ ಇಲ್ಲದಿದ್ದರೂ ಆ ಆಡಿಯೊ ಸುಳ್ಳೇ. ಭೂಮಿ ಗುಂಡಗಿದೆ, ಅದಕ್ಕೇ ಸುಳ್ಳು.

ವಿಮಾನಗಳು ಮಾತಾಡುವ ವಿಎಚ್‌ಎಫ್, ಯುಎಚ್‌ಎಫ್ ಎಂಬ ಹೆಚ್ಚು ಕಂಪನಾಂಕದ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತವೆ. ವಾತಾವರಣ ಅವನ್ನು ಸ್ವಲ್ಪ ಬಗ್ಗಿಸುತ್ತದೆ, ಜಾಸ್ತಿ ಏನಲ್ಲ. ಎತ್ತರವನ್ನು ಮೀಟರಿನಲ್ಲಿ ತಗೊಳ್ಳಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬಂದ ಅಂಕಿಯೇ ಆ ಅಲೆ ತಲುಪುವ ದೂರ, ಕಿಲೋಮೀಟರಿನಲ್ಲಿ. ಹತ್ತು ಸಾವಿರ ಮೀಟರ್ ಎತ್ತರದ ವಿಮಾನಕ್ಕೆ ಇದು 412 ಕಿಲೋಮೀಟರ್. ಅಂದರೆ ಚೆನ್ನೈ ಮೇಲೆ ಹಾರುವ ವಿಮಾನದ ಮಾತು ಮೈಸೂರಿಗೆ ತಲುಪಬಹುದು. ಮೂವತ್ತು ಮೀಟರಿನ ಕಂಬದ ಮೇಲಿರುವ ಆಂಟೆನಾಗೆ ಅದೇ ಲೆಕ್ಕ ಹಾಕಿ, ಬರೀ 23 ಕಿಲೋಮೀಟರ್. ಬೆಂಗಳೂರಿನ ಟವರ್ ಕೊಡುವ ಉತ್ತರ ಬಿಡದಿ ದಾಟುವಷ್ಟರಲ್ಲೇ ಭೂಮಿಯ ಉಬ್ಬಿನ ಹಿಂದೆ ಮರೆಯಾಗಿರುತ್ತದೆ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು ಮುನ್ನೂರು ಮೀಟರ್ ಎತ್ತರ. ಅಲ್ಲಿ ನಿಂತರೆ ನಿಮ್ಮ ಕಡೆಯಿಂದ ಇನ್ನೊಂದು 70 ಕಿಲೋಮೀಟರ್ ಸೇರುತ್ತದೆ. ಪಾಕಿಸ್ತಾನದ ಗಡಿ ನಮ್ಮಿಂದ ಸಾವಿರದ ಮುನ್ನೂರು ಕಿಲೋಮೀಟರಿಗೂ ದೂರ. ಬೆಟ್ಟದ ಮೇಲೆ ಬೆಟ್ಟ ಇಟ್ಟರೂ ಆಗದು.

ಹಾಗಾಗಿ ವಿಮಾನಗಳ ಮಾತು ಕೇಳುವ ಹವ್ಯಾಸ ಇರುವ ದೇಶಗಳಲ್ಲಿ ಮನೆಯಲ್ಲಿ ಕೂತು ಕೇಳುವವರಿಗೆ ಸಾಮಾನ್ಯವಾಗಿ ಸಿಗುವುದು ಅರ್ಧ ಸಂಭಾಷಣೆ. ಪೈಲಟ್ ಹೇಳಿದ್ದು ಕೇಳುತ್ತದೆ, ನೆಲದವರು ಹೇಳಿದ್ದು ಕೇಳುವುದಿಲ್ಲ. ಎರಡೂ ಕಡೆ ಸ್ಟುಡಿಯೊದಷ್ಟು ಚೆನ್ನಾಗಿ ಕೇಳಿಸುವ ಆಡಿಯೊ ಬಂದರೆ ಮೊದಲು ಅನುಮಾನ ಪಡಿ.

ಇದರಲ್ಲಿ ಟ್ರಾನ್ಸ್‌ಮಿಟರಿನ ಶಕ್ತಿಯ ಪಾತ್ರ ನಾವು ಅಂದುಕೊಂಡಷ್ಟಿಲ್ಲ. ವಿಮಾನದ ರೇಡಿಯೊ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ವ್ಯಾಟ್. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಬಾನುಲಿ ಕೇಂದ್ರ ಶುರು ಮಾಡಿದರಲ್ಲ, ಅದು 30 ವ್ಯಾಟ್. ಮನಃಶಾಸ್ತ್ರದವರಿಗೆ ಟ್ರಾನ್ಸ್‌ಮಿಟರ್ ಹುಚ್ಚು ಹಿಡಿದದ್ದು ನಮ್ಮೂರಿನ ಪುಣ್ಯ. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಇವತ್ತು ನೆತ್ತಿಯ ಮೇಲೆ ಹೋಗುವ ವಿಮಾನದಲ್ಲಿರುವುದು ಆ ಕೇಂದ್ರಕ್ಕಿಂತ ಕಡಿಮೆ ಶಕ್ತಿಯ ರೇಡಿಯೊ ಅಂದರೆ ನಂಬುವುದು ಕಷ್ಟ, ಅಲ್ವಾ?

ಇನ್ನು ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ವಿಮಾನಗಳು ಈಗಲೂ ಎಎಂನಲ್ಲೇ ಮಾತಾಡುತ್ತವೆ. ಹೌದು, ಧಾರವಾಡ ಕೇಂದ್ರ ಕೇಳಲು ಅಜ್ಜ ಟ್ರಾನ್ಸಿಸ್ಟರ್ ತಿರುಗಿಸಿ ತಿರುಗಿಸಿ ಇಡುತ್ತಿದ್ದರಲ್ಲ, ಅದೇ ಎಎಂ. ಅಲೆಯ ಎತ್ತರವನ್ನು ಏರಿಳಿಸಿ ಮಾತು ಸಾಗಿಸುವ, ಮಿಂಚು ಹೊಡೆದರೆ ಚಟಪಟ ಅನ್ನುವಂಥದ್ದು. ಎಫ್‌ಎಂ ಎಷ್ಟೋ ಶುಭ್ರವಾಗಿ ಕೇಳುತ್ತದೆ. ಆದರೂ ಕೋಟಿಗಟ್ಟಲೆ ಬೆಲೆಯ ಯುದ್ಧವಿಮಾನದಲ್ಲೂ ಗುಟ್ಟಿಲ್ಲದ ಮಾಮೂಲಿ ಮಾತಿಗೆ ಎಎಂ. ಎಲ್ಲ ದೇಶಗಳ ಹಳೇ ರೇಡಿಯೊಗಳನ್ನು ಒಂದೇ ಸಲ ಬದಲಾಯಿಸಲು ಆಗುವುದಿಲ್ಲ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ರುಚಿಸುವುದು ಇನ್ನೊಂದು ಕಾರಣ.

ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಬರುವಾಗ ಎಫ್‌ಎಂ 93.5ಕ್ಕೆ ಇಟ್ಟು ನೋಡಿ. ಎರಡೂ ಊರಿನಲ್ಲಿ ಆ ನಂಬರಿನಲ್ಲಿ ಸ್ಟೇಷನ್ ಇದೆ. ಬೆಂಗಳೂರಿನದು ಕ್ಷೀಣಿಸುತ್ತಾ ಮೈಸೂರಿನದು ಬಲವಾಗುವ ಕಡೆ, ಮದ್ದೂರು ಮಂಡ್ಯದ ಆಸುಪಾಸಿನಲ್ಲಿ, ಒಂದು ಹಾಡು ಅರ್ಧಕ್ಕೇ ನಿಂತು ಇನ್ನೊಂದು ಹಾಡು ನುಗ್ಗುತ್ತದೆ. ಫ್ಲೈಓವರ್ ಇಳಿದರೆ ಮತ್ತೆ ಹಳೇ ಹಾಡು. ಎರಡೂ ಒಟ್ಟಿಗೆ ಹದವಾಗಿ ಬೆರೆತು ಕೇಳುವುದು ಅಪರೂಪ. ಎಫ್‌ಎಂ ರಿಸೀವರಿನ ಸ್ವಭಾವವೇ ಅದು. ಅಲೆಯ ಎತ್ತರ ಎಷ್ಟು ಎಂದು ಅದು ನೋಡುವುದಿಲ್ಲ, ಮೇಲಿನ ಏರಿಳಿತವನ್ನು ಕತ್ತರಿಸಿ ಬಿಸಾಕಿ, ಕಂಪನಾಂಕ ಹೇಗೆ ಓಲಾಡುತ್ತಿದೆ ಎಂಬುದನ್ನಷ್ಟೇ ಹಿಂಬಾಲಿಸುತ್ತದೆ. ಎರಡು ಅಲೆ ಒಟ್ಟಿಗೆ ಬಂದರೆ ಜೋರಾಗಿರುವುದನ್ನು ಹಿಡಿಯುತ್ತದೆ, ಸಣ್ಣದನ್ನು ನುಂಗಿಹಾಕುತ್ತದೆ. ಇದಕ್ಕೆ ಕ್ಯಾಪ್ಚರ್ ಎಫೆಕ್ಟ್ ಅನ್ನುತ್ತಾರೆ.

ಹಾಡಿಗೆ ಇದು ಒಳ್ಳೆಯದು. ವಿಮಾನಕ್ಕೆ ಅಪಾಯ. ಒಬ್ಬ ಪೈಲಟ್ ಹತ್ತಿರದಿಂದ ಹವಾಮಾನ ಕೇಳುತ್ತಿದ್ದಾನೆ, ಅದೇ ಕ್ಷಣ ದೂರದಿಂದ ಇನ್ನೊಬ್ಬ ಎಂಜಿನ್ ನಿಂತಿದೆ ಎಂದು ಕೂಗುತ್ತಿದ್ದಾನೆ ಅಂದುಕೊಳ್ಳಿ. ಎಫ್‌ಎಂ ಆಗಿದ್ದರೆ ಎರಡನೆಯವನು ಕೂಗಿದ ಎಂಬುದೇ ನೆಲದಲ್ಲಿದ್ದವರಿಗೆ ಗೊತ್ತಾಗದೆ ಹೋಗಬಹುದು.

ಎಎಂ ರಿಸೀವರ್ ಹಾಗಲ್ಲ. ಬಂದದ್ದನ್ನೆಲ್ಲ ಕೂಡಿಸುತ್ತದೆ. ಕೂಡಿಸುವಾಗಲೇ ಶಿಳ್ಳೆ ಹುಟ್ಟುವುದು. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಸ್ವಲ್ಪವೇ ಹೊಂದದಿದ್ದರೆ ವುಂ ವುಂ ಎಂದು ದನಿ ತೂಗಾಡುತ್ತದೆ. ಆ ತೂಗಾಟದ ವೇಗ ಎಂದರೆ ಎರಡು ತಂತಿಗಳ ಕಂಪನಾಂಕದ ವ್ಯತ್ಯಾಸ. ಎರಡು ರೇಡಿಯೊ ಅಲೆಗಳ ಕಥೆಯೂ ಅದೇ. ಇಬ್ಬರು ಪೈಲಟ್‌ಗಳೂ 120 ಮೆಗಾಹರ್ಟ್ಸ್‌ಗೆ ಇಟ್ಟಿದ್ದಾರೆ. ಆದರೆ ಯಾವ ರೇಡಿಯೊದಲ್ಲೂ ಕಂಪನಾಂಕ ನಿಗದಿ ಮಾಡುವ ಸ್ಫಟಿಕ ನೂರಕ್ಕೆ ನೂರು ನಿಖರವಲ್ಲ. ಹತ್ತು ಲಕ್ಷಕ್ಕೆ ಹತ್ತರಷ್ಟು ಹೆಚ್ಚುಕಡಿಮೆ ಇದ್ದರೂ ವ್ಯತ್ಯಾಸ 1200 ಹರ್ಟ್ಸ್. ಕಿವಿಗೆ ಅದು ಕೀಂ ಎನ್ನುವ ಶಿಳ್ಳೆ. ಒಳಗಿನ ಮಾತು ಅರ್ಥವಾಗದಿದ್ದರೂ ಇಬ್ಬರು ಒಟ್ಟಿಗೆ ಮಾತಾಡಿದರು ಎಂಬುದಂತೂ ತಿಳಿಯುತ್ತದೆ. ನೆಲದವರು ಇಬ್ಬರನ್ನೂ ಮತ್ತೆ ಒಬ್ಬೊಬ್ಬರಾಗಿ ಮಾತಾಡಿ ಎನ್ನಬಹುದು. ರೇಡಿಯೊಗಳ ಸಣ್ಣ ತಪ್ಪೇ ಇಲ್ಲಿ ಉಪಕಾರಕ್ಕೆ ಬರುತ್ತದೆ ಎಂಬುದು ನನಗೆ ಎಷ್ಟು ಸಲ ಯೋಚಿಸಿದರೂ ಖುಷಿ ಕೊಡುವ ಸಂಗತಿ. ತಮಾಷೆ ಏನೆಂದರೆ, ಈಗಿನ ರೇಡಿಯೊಗಳು ಎಷ್ಟು ನಿಖರ ಎಂದರೆ ವ್ಯತ್ಯಾಸ ನೂರು ಹರ್ಟ್ಸ್ ಆಸುಪಾಸಿಗೆ ಇಳಿದು, ಶಿಳ್ಳೆ ಕೇಳಿಸದಷ್ಟು ಮಂದವಾಗುವ ಸಾಧ್ಯತೆ ಇದೆ. ಅದಕ್ಕೆ ಕೆಲವು ಕಡೆ ಇಬ್ಬರ ಮಾತು ಡಿಕ್ಕಿಯಾದದ್ದನ್ನು ಪತ್ತೆ ಮಾಡಲು ಬೇರೆ ಎಲೆಕ್ಟ್ರಾನಿಕ್ಸ್ ಹಾಕಿದ್ದಾರೆ.

ಶಿಳ್ಳೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಒಂದೇ ರನ್‌ವೇಯಲ್ಲಿ ಎರಡು ಬೋಯಿಂಗ್ 747. ಒಂದು ಕೆಎಲ್‌ಎಂ, ಇನ್ನೊಂದು ಪ್ಯಾನ್ ಆಮ್. ಟೇಕಾಫ್‌ಗೆ ಕಾಯಿರಿ ಎಂದು ಟವರ್ ಹೇಳಿದ ಕ್ಷಣವೇ, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಪ್ಯಾನ್ ಆಮ್‌ನವರೂ ಹೇಳಿದರು. ಎರಡು ಮಾತೂ ಡಿಕ್ಕಿಯಾಗಿ ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸುಮಾರು ಮೂರು ಸೆಕೆಂಡ್ ಕೀಂ ಎಂಬ ಸದ್ದು. ಏನು ಹೇಳಿದಿರಿ ಎಂದು ಯಾರೂ ಮತ್ತೆ ಕೇಳಲಿಲ್ಲ. ವಿಮಾನ ಆಗಲೇ ಓಡುತ್ತಿತ್ತು. 583 ಜನ ಸತ್ತರು.

ಸೇನೆಯ ವಿಮಾನಗಳಿಗೆ 225ರಿಂದ 400 ಮೆಗಾಹರ್ಟ್ಸ್‌ವರೆಗಿನ ಯುಎಚ್‌ಎಫ್ ಪಟ್ಟಿ. ಅಲ್ಲೂ ಮಾಮೂಲಿ ಮಾತಿಗೆ ಎಎಂ. ನಾಗರಿಕ ವಿಮಾನಗಳ ತುರ್ತು ಕರೆಯ ನಂಬರ್ 121.5, ಸೇನೆಯದು 243. ಸರಿಯಾಗಿ ದುಪ್ಪಟ್ಟು. ಅಪಘಾತವಾದಾಗ ತಾನಾಗಿ ಸಂಕೇತ ಕಳಿಸುವ ಹಳೇ ತುರ್ತು ಬೀಕನ್‌ಗಳು ಎರಡರಲ್ಲೂ ಒಟ್ಟಿಗೆ ಕೂಗುತ್ತಿದ್ದವು. ಗುಟ್ಟಿನ ಮಾತಿಗೆ ದಾರಿಯೇ ಬೇರೆ. ಒಂದೋ ಗೂಢಲಿಪಿ, ಇಲ್ಲವೇ ಸೆಕೆಂಡಿಗೆ ಹಲವು ಬಾರಿ ಕಂಪನಾಂಕ ಬದಲಿಸುತ್ತಾ ಜಿಗಿಯುವ ರೇಡಿಯೊ. ಎರಡೂ ತುದಿಯ ಗಡಿಯಾರ ಒಂದೇ ತಾಳದಲ್ಲಿರಬೇಕು, ಆಗ ಮಾತ್ರ ಮಾತು. ಹೊರಗಿನವರಿಗೆ ಬರೀ ಚುರುಚುರು. ಈ ಜಿಗಿತಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ಹಾಲಿವುಡ್ ನಟಿ ಹೆಡಿ ಲಮಾರ್. ತಾನಾಗಿ ನುಡಿಯುವ ಪಿಯಾನೊದ ಕಾಗದದ ಸುರುಳಿಯಂಥದ್ದನ್ನು ಬಳಸಿ 88 ಕಂಪನಾಂಕಗಳ ನಡುವೆ ಜಿಗಿಸುವ ಯೋಜನೆ ಅದು. ಜೊತೆಗಾರ ಜಾರ್ಜ್ ಆಂಥೀಲ್ ಸಂಗೀತಗಾರ. ಇಂಥದ್ದನ್ನು ಯುಎಸ್‌ಬಿ ರಿಸೀವರ್ ಹಿಡಿಯುತ್ತದೆ ಅನ್ನುವುದು ಸುಮ್ನೆ ಮಾತು.

ಹಾಗಾದರೆ ಹವ್ಯಾಸಿಗಳಿಗೆ ಸಿಗುವುದೇನು? ಇಂಗ್ಲೆಂಡಿನ ಫೇರ್‌ಫರ್ಡ್ ವಾಯುಪ್ರದರ್ಶನದಲ್ಲಿ ಕಿವಿಗೆ ಸ್ಕ್ಯಾನರ್ ಎಂಬ ರೇಡಿಯೊ ರಿಸೀವರ್ ಹಚ್ಚಿಕೊಂಡು ನಿಂತವರು ಕೇಳುವುದು ಪ್ರದರ್ಶನ ತಂಡದ ನಾಯಕನ ದನಿ. ನಮ್ಮ ಬನ್ನಿಮಂಟಪದ ಮೈದಾನದ ಮೇಲೆ 2023ರ ದಸರಾದಲ್ಲಿ ಸೂರ್ಯಕಿರಣ್ ವಿಮಾನಗಳು ಹಾರಿದ್ದನ್ನು ನೋಡಿದವರಿಗೆ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹೇಗೆ ತಿರುಗುತ್ತವೆ ಎಂಬ ಅಚ್ಚರಿ ಇದ್ದೇ ಇರುತ್ತದೆ. ಇಂಥ ತಂಡಗಳಲ್ಲಿ ನಾಯಕ ಒಂದೊಂದು ಆಜ್ಞೆಯನ್ನೂ ರಾಗವಾಗಿ ಎಳೆದು ಹೇಳುತ್ತಾನೆ. ಕೊನೆಯ ಅಕ್ಷರಕ್ಕೆ ಎಲ್ಲರ ಕೈಯೂ ಒಟ್ಟಿಗೆ ಆಡುತ್ತದೆ. ಉಳಿದವರು ಅಗತ್ಯವಿಲ್ಲದೆ ಬಾಯಿ ಬಿಡುವುದಿಲ್ಲ. ಒಂದೇ ಕಂಪನಾಂಕದಲ್ಲಿ ಇಬ್ಬರು ಮಾತಾಡಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು.

ಶಾರ್ಟ್‌ವೇವ್ ವಿಷಯ ಬೇರೆ. ಅದು ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ಬಡಿದು ವಾಪಸ್ ಬರುವುದರಿಂದ ಖಂಡಾಂತರ ಹೋಗುತ್ತದೆ. ಅಮೆರಿಕದ ವಾಯುಪಡೆ 8992 ಮತ್ತು 11175 ಕಿಲೋಹರ್ಟ್ಸ್‌ನಲ್ಲಿ ಅಕ್ಷರ, ಅಂಕಿಗಳ ಸರಮಾಲೆ ಓದುವುದನ್ನು ಜಗತ್ತಿನ ಎಷ್ಟೋ ಮಂದಿ ಕೇಳಿ ಬರೆದಿಟ್ಟುಕೊಳ್ಳುತ್ತಾರೆ. ಅರ್ಥ ಯಾರಿಗೂ ಆಗುವುದಿಲ್ಲ! 2011ರ ಮಾರ್ಚ್‌ನಲ್ಲಿ ಮಾತ್ರ ಬೇರೆಯೇ ಆಯಿತು. ನೆದರ್‌ಲ್ಯಾಂಡ್ಸ್‌ನ ಹವ್ಯಾಸಿಯೊಬ್ಬ ಅಮೆರಿಕದ ವಿಮಾನವೊಂದು ಲಿಬಿಯಾದ ಹಡಗುಗಳಿಗೆ ಬಂದರು ಬಿಡಬೇಡಿ ಎಂದು ಎಚ್ಚರಿಸುವುದನ್ನು ದಾಖಲಿಸಿ ಇಂಟರ್‌ನೆಟ್ಟಿಗೆ ಹಾಕಿದ. ಸುದ್ದಿಯವರು ಅದನ್ನೇ ಎತ್ತಿಕೊಂಡರು. ಆದರೆ ಅದು ಎಲ್ಲರೂ ಕೇಳಲಿ ಎಂದೇ ಹೇಳಿದ ಮಾತು, ಕದ್ದು ಕೇಳಿದ್ದಲ್ಲ.

ಕದ್ದು ಕೇಳುವುದು ಎಂದ ಮೇಲೆ ಕಾನೂನು ಹೇಳಲೇಬೇಕು. ಅಮೆರಿಕದ 1986ರ ಕಾನೂನು ವಿಮಾನಗಳ ಮಾತು ಕೇಳಲು ವಿನಾಯಿತಿ ಕೊಟ್ಟಿದೆ. ಬ್ರಿಟನ್ನಿನಲ್ಲಿ ನಿಮಗಲ್ಲದ ಮಾತು ಕೇಳುವುದು ಅಪರಾಧ. ಆದರೂ ಫೇರ್‌ಫರ್ಡ್‌ನಲ್ಲಿ ಸಾಲುಸಾಲು ಸ್ಕ್ಯಾನರ್! ನಮ್ಮಲ್ಲಿ 1933ರ ಕಾಯ್ದೆ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಸಾಧನ ಇಟ್ಟುಕೊಳ್ಳುವುದನ್ನೇ ತಪ್ಪೆಂದಿತು. ಮನೆಯ ರೇಡಿಯೊಗೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟಿದ್ದು ಹಿರಿಯರಿಗೆ ನೆನಪಿರಬಹುದು. ಆ ಲೈಸೆನ್ಸ್ ಹೋಯಿತು, ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅನುಮತಿಯಿಲ್ಲದೆ ಬೇರೆಯವರ ಸಂದೇಶ ಹಿಡಿಯುವುದು ಮಾತ್ರ ಇಂದಿಗೂ ಅಪರಾಧವೇ. ಸೇನೆಯ ಮಾತಂತೂ ಬೇಡವೇ ಬೇಡ.

ಮಕ್ಕಳಿಗೆ ರೇಡಿಯೊ ಹುಚ್ಚು ಹಿಡಿದಿದ್ದರೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆಸಿ. ಹನ್ನೆರಡು ತುಂಬಿದ್ದರೆ ಸಾಕು. ಪಾಸಾಗಿ ಲೈಸೆನ್ಸ್ ಬಂದರೆ ವಿಯು ಎಂದು ಶುರುವಾಗುವ ಕರೆಹೆಸರು ಸಿಗುತ್ತದೆ. ಆಮೇಲೆ ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ಕರೆಯಬಹುದು. ಅಷ್ಟು ಎತ್ತರಕ್ಕೆ ಕೊಲಂಬೊದಿಂದ ದೆಹಲಿವರೆಗಿನ ಹ್ಯಾಮ್‌ಗಳೆಲ್ಲ ಒಟ್ಟಿಗೆ ಕಾಣುತ್ತಾರೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅಲ್ಲಿನ ಹ್ಯಾಮ್ ರೇಡಿಯೊ ಎಫ್‌ಎಂ. ಹಾಗಾಗಿ ಶಿಳ್ಳೆ ಬರುವುದಿಲ್ಲ, ಜೋರಾಗಿ ಮುಟ್ಟಿದವರದ್ದೊಂದು ಮಾತ್ರ ಕೇಳುತ್ತದೆ. ಆದ್ದರಿಂದ ಆಂಟೆನಾ ಸ್ವಲ್ಪ ಒಳ್ಳೆಯದನ್ನೇ ಕಟ್ಟಿಕೊಡಿ.