ರಾಸ್ಪ್‌ಬೆರಿ: ಎಲೆಯ ಮದ್ದೇ ಬೇರೆ, ಹಣ್ಣಿನ ಗುಣವೇ ಬೇರೆ

ರಾಸ್ಪ್‌ಬೆರಿ ಎಲೆಯ ಚೂರನ್ನು ಅಗಿದರೆ ನಾಲಿಗೆ ಬಿಗಿದುಕೊಳ್ಳುತ್ತದೆ. ಈ ಒಗರಿಗೆ ಕಾರಣ ಟ್ಯಾನಿನ್. ಎಲೆಯ ಮದ್ದಿನ ಗುಣ ಬಹುಪಾಲು ಇದರದ್ದೇ. ಬಾಯಿ, ಗಂಟಲು, ಕರುಳಿನ ಒಳಪೊರೆಯ ಪ್ರೋಟೀನುಗಳಿಗೆ ಅಂಟಿಕೊಂಡು ಅದು ಪೊರೆಯನ್ನು ಬಿಗಿಗೊಳಿಸುತ್ತದೆ. ಹಾಗಾಗಿ ಗಂಟಲು ಕೆರೆತ, ಬಾಯಿಯ ಉರಿ, ಸಣ್ಣಪುಟ್ಟ ಭೇದಿಗೆ ಎಲೆಯನ್ನು ಬಳಸುತ್ತ ಬಂದಿದ್ದಾರೆ. ಹಣ್ಣು ಇದಕ್ಕೆ ತದ್ವಿರುದ್ಧ. 100 ಗ್ರಾಂ ಹಣ್ಣಿನಲ್ಲಿ ಸುಮಾರು 6.5 ಗ್ರಾಂ ನಾರಿದ್ದು, ಅದು ಮಲವನ್ನು ಸಡಿಲಗೊಳಿಸುತ್ತದೆ. ಭೇದಿಗೆ ಹಣ್ಣು ತಿಂದರೆ ಗುಣವಾಗದಿರುವುದಕ್ಕೆ ಕಾರಣ ಸರಳ: ಗಿಡ ಸರಿ, ಭಾಗ ತಪ್ಪು.

ಎಲೆಯನ್ನು ಹೂ ಬಿಡುವ ಮುಂಚೆ ಕೊಯ್ಯುವುದು ವಾಡಿಕೆ. ಮೇಲ್ಮೈ ಹಸಿರು, ತಳ ಬೆಳ್ಳಗೆ ನವಿರುಗೂದಲಿನಿಂದ ಕೂಡಿರುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಂದೇ ಪದರವಾಗಿ ಹರಡಿ. ಹಿಡಿದರೆ ಪುಡಿಯಾಗುವಷ್ಟು ಒಣಗಬೇಕು. ಅರೆಬರೆ ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ಬೂಷ್ಟು ಹಿಡಿಯುವುದು ಖಂಡಿತ.

ಕಷಾಯದಂತೆ ಇದನ್ನು ಕುದಿಸಿ ಬತ್ತಿಸಬಾರದು. 1.5ರಿಂದ 2 ಗ್ರಾಂ ಒಣಎಲೆಗೆ 150 ಮಿ.ಲೀ. ಕುದಿನೀರು ಸುರಿದು, ಮುಚ್ಚಿ, 10 ನಿಮಿಷ ಬಿಡಿ. ಚಮಚದ ಅಳತೆ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಉಜ್ಜಿದ ಒಣಎಲೆ ಹತ್ತಿಯಂತೆ ಹಗುರ. ತೂಗುವುದೇ ಒಳ್ಳೆಯದು. ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಆ ನವಿರುಗೂದಲು ಗಂಟಲಲ್ಲಿ ಕಿರಿಕಿರಿ ಮಾಡುತ್ತದೆ. ಬಾಯಿ ಮುಕ್ಕಳಿಸಲಾದರೆ ಇನ್ನಷ್ಟು ಹೊತ್ತು ನೆನೆಸಿ, ಒಗರು ಹೆಚ್ಚಿದಷ್ಟೂ ಒಳ್ಳೆಯದು. ಹಾಲು ಬೆರೆಸಬೇಡಿ. ಹಾಲಿನ ಪ್ರೋಟೀನು ಟ್ಯಾನಿನ್ ಅನ್ನು ಲೋಟದಲ್ಲೇ ಹಿಡಿದುಬಿಡುತ್ತದೆ, ನಿಮ್ಮ ಗಂಟಲಿಗೆ ಉಳಿಯುವುದು ಬರೀ ಬಣ್ಣದ ನೀರು. ಭೇದಿ ಮೂರು ದಿನ ದಾಟಿದರೆ, ಜ್ವರ ಬಂದರೆ, ರಕ್ತ ಕಂಡರೆ ಇದನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು.

ಹಣ್ಣಿನ ಬಗ್ಗೆ ಒಂದು ಮಾತು. ಅದರಲ್ಲಿರುವ ಎಲಾಜಿಟ್ಯಾನಿನ್ ಎಂಬ ಬಗೆಯ ಟ್ಯಾನಿನ್‌ಗಳನ್ನು ಕರುಳಿನ ಬ್ಯಾಕ್ಟೀರಿಯಾ ಯುರೋಲಿಥಿನ್ ಎಂಬ ರಾಸಾಯನಿಕಗಳಾಗಿ ಮಾರ್ಪಡಿಸುತ್ತವೆ. ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ತೆರನಾಗಿಲ್ಲ, ಆದ್ದರಿಂದ ಪರಿಣಾಮವೂ ಒಂದೇ ಆಗಿರುವುದಿಲ್ಲ. ತೂಕ ಇಳಿಸುತ್ತದೆಂದು ಮಾರುವ 'ರಾಸ್ಪ್‌ಬೆರಿ ಕೀಟೋನ್' ಮಾತ್ರೆಗೂ ಹಣ್ಣಿಗೂ ನಂಟು ತೀರಾ ತೆಳು: ಕೀಟೋನ್ ಎಂಬ ಈ ಪರಿಮಳದ ಅಂಶ ಒಂದು ಕಿಲೋ ಹಣ್ಣಿನಲ್ಲಿ ಕೆಲವೇ ಮಿಲಿಗ್ರಾಂ, ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದದ್ದು.

ಎಲೆಯ ಹೆಸರು ಹೆಚ್ಚು ಕೇಳಿಬರುವುದು ಹೆರಿಗೆಯ ವಿಷಯದಲ್ಲಿ. ಗರ್ಭಕೋಶದ ಸ್ನಾಯುವನ್ನು ಸಡಿಲಿಸುವ ಸತ್ವ ಎಲೆಯಲ್ಲಿದೆಯೆಂದು 1941ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆದರೆ ಅದು ಪ್ರಾಣಿಗಳ ಮೇಲಿನ ಪ್ರಯೋಗ. 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯೊಂದರಲ್ಲಿ 192 ಚೊಚ್ಚಲ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 32ನೇ ವಾರದಿಂದ 1.2 ಗ್ರಾಂ ಎಲೆಯ ಮಾತ್ರೆಯನ್ನು ದಿನಕ್ಕೆರಡು ಬಾರಿ ಕೊಟ್ಟರು. ಹೆರಿಗೆಯ ಮೊದಲ ಹಂತದ ಅವಧಿ ತಗ್ಗಲಿಲ್ಲ. ಎರಡನೆಯ ಹಂತದಲ್ಲಿ ಸುಮಾರು 10 ನಿಮಿಷದ ವ್ಯತ್ಯಾಸ ಕಂಡರೂ ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಯುರೋಪಿನ ಔಷಧ ಸಂಸ್ಥೆ ಮುಟ್ಟಿನ ಸಣ್ಣ ನೋವಿಗೆ ಎಲೆಯ ಸಾಂಪ್ರದಾಯಿಕ ಬಳಕೆಯನ್ನು ಒಪ್ಪುತ್ತದೆ, ಗರ್ಭಿಣಿಯರಿಗೆ ಮಾತ್ರ ಶಿಫಾರಸು ಮಾಡುವುದಿಲ್ಲ. ವೈದ್ಯರನ್ನು ಕೇಳಿಯೇ ಕುಡಿಯುವವರೂ ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಬಿಡಬೇಕು. ಟ್ಯಾನಿನ್ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ. ಎಲೆ ನೆನೆಸಿ ಸೋಸಿದ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ನೀರು ಕಪ್ಪಾಗುವುದು ಇದರಿಂದಲೇ.